ಪೇಟೆಗೆ ಮಾಫಿ, ಶಿವಾರಕ್ಕೆ ಕಾಯ್ದೆ
ಸೊಲ್ಲಾಪುರ ಜಿಲ್ಲಾಧಿಕಾರಿಗಳಿಗೆ ಹುಲಜಂತಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿ ಸಾಹೇಬರಿಗೆ,

ನಿಮ್ಮ ಕಚೇರಿಗೆ ಬಂದಾಗ ನಾವು ಅರ್ಜಿಯನ್ನು ಮರಾಠಿಯಲ್ಲೇ ಬರೆದುಕೊಡುತ್ತೇವೆ. ಈ ಪತ್ರ ಮಾತ್ರ ಕನ್ನಡದಲ್ಲಿದೆ. ಇದನ್ನು ನೀವು ಓದಿದರೆ ಸಾಲದು, ನಮ್ಮ ಕಟ್ಟೆಯ ಮೇಲೆ ಕೂತವರೂ ಓದಬೇಕು.

ವಿಷಯ ತುಕಡೇಬಂದಿ ಕಾಯ್ದೆಯದು. 1947ರಲ್ಲಿ ಆಗಿನ ಮುಂಬಯಿ ಸರ್ಕಾರ ಇದನ್ನು ಮಾಡಿದಾಗ ಉದ್ದೇಶ ಕೆಟ್ಟದ್ದೇನೂ ಇರಲಿಲ್ಲ. ಹೊಲ ತುಂಡಾಗುತ್ತ ಹೋದರೆ ಒಕ್ಕಲುತನ ಗಿಟ್ಟುವುದಿಲ್ಲ, ಆದ್ದರಿಂದ ಇಂತಿಷ್ಟಕ್ಕಿಂತ ಸಣ್ಣ ತುಂಡು ಮಾಡಬೇಡಿ ಎಂದರು. 2023ರ ಆಗಸ್ಟ್‌ನಲ್ಲಿ ಆ ಮಿತಿಯನ್ನು ಇಳಿಸಿ, ಮಳೆ ನಂಬಿದ ಜಿರಾಯತಿಗೆ 20 ಗುಂಟೆ, ನೀರಾವರಿಯ ಬಾಗಾಯತಿಗೆ 10 ಗುಂಟೆ ಎಂದು ನಮ್ಮ ಜಿಲ್ಲೆಗೂ ಗೊತ್ತು ಮಾಡಿದರು. ಒಳ್ಳೆಯದೇ ಆಯಿತು. ಆದರೆ ಮಿತಿಗಿಂತ ಸಣ್ಣ ಹೊಲ ಇದ್ದವನ ಗತಿ ಏನೆಂದು ಯಾರೂ ಕೇಳಲಿಲ್ಲ.

ಲೆಕ್ಕ ಸಣ್ಣದು. ಎರಡು ಎಕರೆ ಜಿರಾಯತಿ, ಅಂದರೆ 80 ಗುಂಟೆ. ನಾಲ್ಕು ಮಕ್ಕಳಿದ್ದರೆ ತಲಾ 20, ಕಾಯ್ದೆ ಸುಮ್ಮನಿರುತ್ತದೆ. ಐವರಿದ್ದರೆ ತಲಾ 16, ಆಗ ಅದು ತುಕಡಾ. ಪಾಲು ಮಾಡುವಾಗ ತುಕಡಾ ಬೀಳಕೂಡದು, ಹೊಲ ಸಿಗದವನಿಗೆ ಉಳಿದವರು ರೊಕ್ಕ ಕೊಟ್ಟು ಬಿಡಿಸಿಕೊಳ್ಳಬೇಕು ಎನ್ನುತ್ತದೆ ಕಾಯ್ದೆ. ಜೋಳ ಬೆಳೆದು ಬದುಕುವ ಮನೆಯಲ್ಲಿ ಆ ರೊಕ್ಕ ಎಲ್ಲಿಂದ ಬರಬೇಕು ಎಂಬುದನ್ನು ಅದು ಹೇಳುವುದಿಲ್ಲ. ಐದನೆಯ ಪಾಲು ಹೆಚ್ಚಾಗಿ ಮಗಳದಾಗಿರುತ್ತದೆ. 1994ರಲ್ಲಿ ಇದೇ ಮಹಾರಾಷ್ಟ್ರ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಒಂದು ಕಾಯ್ದೆ ಆಕೆಗೆ ಪಾಲು ಕೊಟ್ಟರೆ, ಇನ್ನೊಂದು ಆ ಪಾಲನ್ನು ಅಳೆಯಲು ಬಿಡುವುದಿಲ್ಲ. "ಸರ್ಕಾರವೇ ಬಿಡುವುದಿಲ್ಲ ತಂಗಿ" ಎಂದು ಅಣ್ಣಂದಿರು ಕೈ ತೊಳೆದುಕೊಳ್ಳಲು ಇಷ್ಟೇ ಸಾಕು.

ಹಾಗೆಂದು ಹೊಲ ಒಡೆಯುವುದು ನಿಂತಿದೆಯೇ? ಬೇಕಾದರೆ ಯಾವ ಶಿವಾರದಲ್ಲಾದರೂ ನಿಂತು ನೋಡಿ. ಒಂದೇ ಗಟ್ಟಿನಲ್ಲಿ ಮೂರು ಒಡ್ಡು, ಮೂರು ಬಿತ್ತಿಗೆ, ಮೂರು ಮನೆಯ ಎತ್ತು. ಉತಾರೆ ತೆಗೆಸಿದರೆ ಎಲ್ಲರ ಹೆಸರೂ ಒಂದರ ಕೆಳಗೊಂದು, ಪಕ್ಕದಲ್ಲಿ 'ಸಾಮಾಯಿಕ ಕ್ಷೇತ್ರ', ಅಂದರೆ ಜಂಟಿ ಹೊಲ. ಸಾಲ ಬೇಕೆಂದರೆ ಎಲ್ಲರ ಸಹಿ ಬೇಕು. ಒಬ್ಬ ಪುಣೆಯಲ್ಲಿ, ಇನ್ನೊಬ್ಬ ಮುನಿಸಿಕೊಂಡು ವಿಜಯಪುರದಲ್ಲಿ ಕೂತಿದ್ದರೆ ಬ್ಯಾಂಕಿನ ಬಾಗಿಲು ಮುಚ್ಚಿದಂತೆಯೇ. ಕಾಯ್ದೆಯಿಂದ ಹೊಲ ಉಳಿಯಲಿಲ್ಲ, ಹೊಲದ ಕಾಗದ ಮಾತ್ರ ಕೆಟ್ಟಿತು.

ಮಾರಲು ಹೋದವನ ಪಾಡು ಇನ್ನೂ ಕಷ್ಟದ್ದು. ತುಕಡಾವನ್ನು ಪಕ್ಕದ ಹೊಲದವನಿಗೆ ಮಾತ್ರ ಮಾರಬಹುದು. ಕೊಳ್ಳುವವನು ಒಬ್ಬನೇ ಎಂದಮೇಲೆ ರೇಟು ಹೇಳುವವನೂ ಅವನೇ. ದವಾಖಾನೆಯ ಬಿಲ್ಲು ಕಟ್ಟಲು ಹೊಲ ಮಾರುವವನು ಬಾಂದಿನಾಚೆಯವನ ಮುಂದೆ ಕೈಕಟ್ಟಿ ನಿಲ್ಲಬೇಕು. ಸಣ್ಣ ರೈತನನ್ನು ಕಾಯಲು ಬಂದ ಕಾಯ್ದೆ ಅವನನ್ನು ದೊಡ್ಡ ರೈತನ ಕೈಗೆ ಒಪ್ಪಿಸಿತು.

ಬಾವಿಯ ಕಥೆಯನ್ನೂ ಕೇಳಿ. 2024ರ ಮಾರ್ಚ್‌ನಲ್ಲಿ ಸರ್ಕಾರ ಒಂದು ಸವಲತ್ತು ಕೊಟ್ಟಿತು. ಬಾವಿಗೆ 5 ಗುಂಟೆಯವರೆಗೆ, ಹೊಲದ ದಾರಿಗೆ, ಸರ್ಕಾರಿ ಘರಕುಲ ಯೋಜನೆ ಮಂಜೂರಾದವರ ಮನೆಗೆ 1,000 ಚದರ ಅಡಿಯವರೆಗೆ ಜಾಗ ಕೊಳ್ಳಬಹುದು, ಆದರೆ ಜಿಲ್ಲಾಧಿಕಾರಿಯ ಮಂಜೂರಾತಿ ಬೇಕು. ಬಾವಿಗೆ ಭೂಜಲ ಇಲಾಖೆಯ ದಾಖಲೆಯನ್ನೂ ತರಬೇಕು, ಉತಾರೆಯಲ್ಲಿ ಬಾವಿಗಷ್ಟೇ ಎಂಬ ಶೇರಾ ಬೀಳಬೇಕು. ನೀರಿಗಾಗಿ ಮುಗಿಲು ನೋಡುವ ಈ ಸೀಮೆಯಲ್ಲಿ ಒಬ್ಬ ತನ್ನ 5 ಗುಂಟೆ ಕೊಡಲು ತಯಾರು, ಇನ್ನೊಬ್ಬ ಕೊಳ್ಳಲು ತಯಾರು. ನಡುವೆ ಜಿಲ್ಲೆಯ ಅತಿ ದೊಡ್ಡ ಅಧಿಕಾರಿಯ ಸಹಿ ಯಾಕೆ? ನಿಮಗೂ ಇದಕ್ಕಿಂತ ದೊಡ್ಡ ಕೆಲಸಗಳಿವೆ.

ಇನ್ನು ಪೇಟೆಯ ಮಾತು. ಸೊಲ್ಲಾಪುರದ ಸುತ್ತ ಗುಂಟೆ ಲೆಕ್ಕದಲ್ಲಿ ಪ್ಲಾಟು ಬಿದ್ದು ಕಾಲೊನಿಗಳು ಎದ್ದವು. ಇಂಥವುಗಳನ್ನು ಸಕ್ರಮ ಮಾಡಲು 2001ರಲ್ಲಿ ಗುಂಟೇವಾರಿ ಕಾಯ್ದೆ ಬಂತು, 2021ರಲ್ಲಿ ಅದರ ಗಡುವನ್ನು 2020ರ ಡಿಸೆಂಬರ್‌ವರೆಗೆ ಮುಂದೂಡಿದರು. 2025ರ ನವೆಂಬರ್‌ನ ಸುಗ್ರೀವಾಜ್ಞೆ, 1965ರ ನವೆಂಬರ್ 15ರಿಂದ 2024ರ ಅಕ್ಟೋಬರ್ 15ರವರೆಗಿನ ತುಕಡಾ ವ್ಯವಹಾರಗಳನ್ನು ಶುಲ್ಕವಿಲ್ಲದೆ ಸಕ್ರಮ ಮಾಡಲು ದಾರಿ ತೆರೆಯಿತು. ಆ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡವರೂ ಗಿರಣಿ ಕೆಲಸದವರು, ಬೀಡಿ ಕಟ್ಟುವ ಹೆಣ್ಣುಮಕ್ಕಳು. ಅವರಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಈ ಮಾಫಿಯೆಲ್ಲ ಯೋಜನೆಯ ನಕ್ಷೆಯಲ್ಲಿ ವಸತಿ, ವ್ಯಾಪಾರ ಎಂದು ಬಣ್ಣ ಬಿದ್ದ ಜಾಗಕ್ಕೆ. ಒಕ್ಕಲುತನದ ಬಣ್ಣ ಬಿದ್ದ ಹೊಲಕ್ಕೆ 20 ಮತ್ತು 10ರ ಬೇಲಿ ಹಾಗೇ ಇದೆ. ಕಾಯ್ದೆ ಮುರಿದು ಪ್ಲಾಟು ಹಾಕಿದವನಿಗೆ ಸರ್ಕಾರ ಮೂರು ಸಲ ಬಗ್ಗಿತು, ಕಾಯ್ದೆಗೆ ಅಂಜಿ ಕೂತವನಿಗೆ ಒಮ್ಮೆಯೂ ಇಲ್ಲ.

ನಮ್ಮ ಗಡಿಯಾಚೆಗೆ ಚಡಚಣ, ಇಂಡಿ. ಒಂದು ಕಾಲಕ್ಕೆ ಅವೂ ಮುಂಬಯಿ ರಾಜ್ಯದಲ್ಲೇ ಇದ್ದವು. ಕರ್ನಾಟಕ ತನ್ನ ತುಕಡೇಬಂದಿ ಕಾಯ್ದೆಯನ್ನು 1990ರ ದಶಕದ ಆರಂಭದಲ್ಲೇ ರದ್ದು ಮಾಡಿತು. ಅಲ್ಲಿನ ಒಕ್ಕಲುತನ ಮುಳುಗಿ ಹೋಗಿಲ್ಲ, ಇಂಡಿಯ ನಿಂಬೆ ಈಗಲೂ ದೇಶದ ಪೇಟೆಗೆಲ್ಲ ಹೋಗುತ್ತದೆ. ಅಲ್ಲಿ ಎಲ್ಲ ಸರಿಯಿದೆ ಎಂದಲ್ಲ. ಹೊಲವನ್ನು ಎನ್‌ಎ, ಅಂದರೆ ಬಿಗರಶೇತಿ, ಮಾಡಿಸಲು ಅಲೆಯುವ ನೆಂಟರು ನಮಗೆ ಅಲ್ಲೂ ಇದ್ದಾರೆ.

ಯಾವ ನಿಯಮವೂ ಬೇಡ ಎನ್ನುವವರು ನಾವಲ್ಲ. ಹಳ್ಳದ ದಂಡೆ, ಗಾಯರಾನ, ದಾರಿ, ಇವುಗಳನ್ನು ಸರ್ಕಾರ ಬಿಗಿಯಾಗಿ ಕಾಯಲಿ. ಅಲ್ಲಿ ಒತ್ತುವರಿ ಮಾಡಿದವರು ಊರ ದೊಡ್ಡವರೇ ಆಗಿದ್ದರೂ ಕೀಳಿಸಿ. ಅಪ್ಪನ ಹೊಲವನ್ನು ಮಕ್ಕಳು ಹೇಗೆ ಹಂಚಿಕೊಳ್ಳಬೇಕು ಎಂಬುದು ಆ ಸಾಲಿಗೆ ಸೇರುವ ಮಾತಲ್ಲ.

ಊರ ಅಂಚಿನದೂ ಒಂದು ಮಾತಿದೆ. ದೀಪಾವಳಿ ಅಮಾವಾಸ್ಯೆಗೆ ನಮ್ಮೂರ ಮಹಾಲಿಂಗರಾಯನ ಜಾತ್ರೆಗೆ ಪಾಲಕಿಗಳು ಬಂದು ಕೂಡುವಾಗ, ಮೂರು ರಾಜ್ಯಗಳ ಭಕ್ತರು ಇಳಿಯುವುದು ಸುತ್ತಲಿನ ಹೊಲಗಳಲ್ಲೇ. ಆಗ ಯಾರೂ ಬಿಗರಶೇತಿ ಪರವಾನಗಿ ಕೇಳುವುದಿಲ್ಲ. ಹೊಲದವನು ಅಲ್ಲೇ ಕಾಯಂ ಒಂದು ಚಹಾದ ಅಂಗಡಿ ಕಟ್ಟಿದರೆ ಕೇಳುತ್ತಾರೆ. ಗಾವಠಾಣದಿಂದ 200 ಮೀಟರ್ ಒಳಗಿನ ಜಮೀನಿಗೆ ಈ ತಾಪತ್ರಯ ತಪ್ಪಿಸಲೆಂದೇ ಮಹಸೂಲ್ ಸಂಹಿತೆಗೆ 42-ಡಿ ಕಲಂ ಸೇರಿಸಿದರು.

ಕಾಯ್ದೆ ತೆಗೆಯುವುದು ನಿಮ್ಮ ಕೈಯಲ್ಲಿಲ್ಲ, ಬಲ್ಲೆವು. ಮಾಡಬಹುದಾದದ್ದನ್ನಷ್ಟೇ ಕೇಳುತ್ತೇವೆ. 200 ಮೀಟರ್ ಒಳಗೆ ಬರುವ ಗಟ್ಟು ನಂಬರುಗಳ ಯಾದಿಯನ್ನು ಗ್ರಾಮಪಂಚಾಯತಿಯ ಗೋಡೆಗೆ ಅಂಟಿಸಿ. ಬಾವಿ ಮತ್ತು ದಾರಿಯ ಅರ್ಜಿಗಳಿಗಾಗಿ ನಮ್ಮ ತಾಲೂಕಿನ ಊರು ಮಂಗಳವೇಢೆಯಲ್ಲಿ ತಿಂಗಳಿಗೊಂದು ಶಿಬಿರ ಇಟ್ಟು ಅಲ್ಲೇ ತೀರ್ಮಾನಿಸಿ. ಮನೆತನದ ವಾಟಣಿಗೆ ಗುಂಟೆಯ ಮಿತಿ ಬೇಡ ಎಂದು ಸರ್ಕಾರಕ್ಕೆ ನಿಮ್ಮ ಅಭಿಪ್ರಾಯ ಬರೆದು ಕಳಿಸಿ. ಮೊದಲಿನ ಎರಡಕ್ಕೆ ಹೊಸ ಕಾಯ್ದೆಯೂ ಬೇಡ, ಮುಂಬಯಿಯ ಅಪ್ಪಣೆಯೂ ಬೇಡ. ನಿಮ್ಮದೊಂದು ಆದೇಶ ಸಾಕು.

ಇಂತಿ ತಮ್ಮ ವಿಶ್ವಾಸಿ,
ಹುಲಜಂತಿ ಶಿವಾರದ ಒಬ್ಬ ಸಾಮಾಯಿಕ ಖಾತೇದಾರ