170 ಮಿ.ಮೀ.: ‘ಕಿಯೊ’ ಚರ್ಚೆಯಲ್ಲಿ ಯಾರೂ ಕೇಳದ ಅಳತೆ

ಬೆಂಗಳೂರು ಟೆಕ್ ಸಮಿಟ್‌ನಲ್ಲಿ 2025ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಹೊರತಂದ ‘ಕಿಯೊ’ ಕಂಪ್ಯೂಟರ್ ಬಗ್ಗೆ ಎಷ್ಟು ಓದಿದರೂ ಸಿಗುವುದು ಎರಡೇ ಮಾತು. ಹೊಗಳುವವರಿಗೆ ಅದರೊಳಗಿನ ಮುಕ್ತ ವಿನ್ಯಾಸದ ರಿಸ್ಕ್-ಫೈವ್ ಪ್ರೊಸೆಸರ್ ಸಾಕು. ತೆಗಳುವವರಿಗೆ 18,999 ರೂಪಾಯಿ ಎಂಬ ಬೆಲೆ ಸಾಕು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಎರಡೂ ಕಡೆಯವರು ನೋಡುತ್ತಿರುವುದು ಮೂರು ವರ್ಷದಲ್ಲಿ ಹಳತಾಗುವ ಸಂಗತಿಯನ್ನು. ಈ ಪೆಟ್ಟಿಗೆ ಬಾಳುತ್ತದೋ ಗುಜರಿ ಸೇರುತ್ತದೋ ಎನ್ನುವುದು 170 ಎಂಬ ಸಂಖ್ಯೆಯ ಮೇಲೆ ನಿಂತಿದೆ.

ನಾನಿರುವುದು ಚೆನ್ನೈನ ಬೆಸೆಂಟ್ ನಗರದಲ್ಲಿ, ಎಲಿಯಟ್ಸ್ ಬೀಚಿನಿಂದ ನಾಲ್ಕು ಬೀದಿ ಹಿಂದೆ. ಇಲ್ಲಿನ ಉಪ್ಪುಗಾಳಿಗೆ ಕಿಟಕಿಯ ಸರಳೇ ತಾಳುವುದಿಲ್ಲ, ಕಂಪ್ಯೂಟರ್ ತಾಳುತ್ತದೆಯೇ? ವರ್ಷಕ್ಕೊಮ್ಮೆಯಾದರೂ ನನ್ನ ಯಂತ್ರ ಬೀಪ್ ಬೀಪ್ ಎಂದು ಕೂಗಿ ಮೊಂಡು ಹಿಡಿಯುತ್ತದೆ. ರಿಚಿ ಸ್ಟ್ರೀಟಿನಿಂದ ಬರುವ ಮೆಕ್ಯಾನಿಕ್ ಕ್ಯಾಬಿನೆಟ್ಟಿನ ಮಗ್ಗುಲು ಕಳಚಿ, ರ‍್ಯಾಮ್ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸುತ್ತಾರೆ. ಮುನ್ನೂರು ರೂಪಾಯಿ, ಒಂದು ಲೋಟ ಕಾಫಿ. ಕ್ಯಾಬಿನೆಟ್ 2006ರದ್ದು, ಅದರೊಳಗಿನ ಮದರ್‌ಬೋರ್ಡ್ ಮೂರನೆಯದು. ಮೂರು ಸಲವೂ ಸ್ಕ್ರೂ ಕೂರುವ ತೂತುಗಳು ಅವೇ ಜಾಗದಲ್ಲಿದ್ದವು.

ಅದು ತಾನಾಗಿ ಆದದ್ದಲ್ಲ. 1995ರಲ್ಲಿ ಇಂಟೆಲ್ ‘ಎಟಿಎಕ್ಸ್’ ಎಂಬ ಅಳತೆಪಟ್ಟಿಯನ್ನು ಪ್ರಕಟಿಸಿತು: ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ, ತೂತು ಇಲ್ಲಿ, ಪೋರ್ಟುಗಳು ಅಲ್ಲಿ. 2001ರಲ್ಲಿ ತೈವಾನಿನ ವಿಯಾ ಕಂಪನಿ ಅದನ್ನೇ ಕುಗ್ಗಿಸಿ 170 ಮಿ.ಮೀ. ಚೌಕದ ‘ಮಿನಿ-ಐಟಿಎಕ್ಸ್’ ತಂದಿತು. ಪ್ರೊಸೆಸರ್‌ಗಳು ಹತ್ತಾರು ಪೀಳಿಗೆ ದಾಟಿವೆ, ಈ ಎರಡು ಅಳತೆಗಳು ಕದಲಿಲ್ಲ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಒಬ್ಬರಲ್ಲಿ ಬೋರ್ಡು, ಪಕ್ಕದವರಲ್ಲಿ ಕ್ಯಾಬಿನೆಟ್, ಎದುರಿನವರಲ್ಲಿ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಕೊಂಡು ಸಂಜೆಗೆ ‘ಅಸೆಂಬಲ್ಡ್’ ಮಾಡಿ ಮನೆಗೆ ಒಯ್ಯಲು ಸಾಧ್ಯವಾದದ್ದು ಈ ಅಳತೆಪಟ್ಟಿಯಿಂದ. ಬಿಡಿಭಾಗ ಕೂಡಿಸಿ ಕಟ್ಟುವ ಹೊಸ ಕಂಪ್ಯೂಟರನ್ನು ಕಲ್ಪಿಸಬೇಕು ಎನ್ನುವವರು ದಯವಿಟ್ಟು ಒಮ್ಮೆ ಆ ಬೀದಿಯಲ್ಲಿ ಓಡಾಡಿ ಬರಲಿ. ಕಲ್ಪನೆ ಅಲ್ಲಿ ಮೂವತ್ತು ವರ್ಷದಿಂದ ವ್ಯಾಪಾರ ಮಾಡುತ್ತಿದೆ.

ಈ ಹೊಂದಾಣಿಕೆಯನ್ನು ಕೆಡಿಸಿದ್ದು ಲ್ಯಾಪ್‌ಟಾಪ್, ಈಗ ಅಂಗೈಯಗಲದ ಪುಟ್ಟ ಪೆಟ್ಟಿಗೆಗಳು. ಒಳಗಿನ ಬೋರ್ಡಿಗೆ ಕಂಪನಿಗೊಂದು ಆಕಾರ, ಎಷ್ಟೋ ಬಾರಿ ರ‍್ಯಾಮ್ ಬೆಸುಗೆ ಹಾಕಿದ್ದು. ರಬ್ಬರಿಗೆ ಕೆಲಸವೇ ಇಲ್ಲ.

ಬಿಡಿಭಾಗದ ಮಾತು ಎತ್ತಿದರೆ ಕೆಲವರು ಗೂಗಲ್‌ನ ‘ಪ್ರಾಜೆಕ್ಟ್ ಆರಾ’ ಫೋನಿನ ಗತಿ ನೋಡಿ, 2016ರಲ್ಲೇ ಮುಚ್ಚಿತು ಎನ್ನುತ್ತಾರೆ. ಅದು ಎಲ್ಲವನ್ನೂ ಕಳಚುವಂತೆ ಮಾಡಲು ಹೋಗಿ ಸೋತ ಕಥೆ. ನೋಡಬೇಕಾದ ನಿದರ್ಶನ ಬೇರೆ ಇದೆ. ಅಮೆರಿಕದ ಫ್ರೇಮ್‌ವರ್ಕ್ ಕಂಪನಿ 2021ರಿಂದ ಮಾರುತ್ತಿರುವ ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಬೋರ್ಡು ತೆಗೆದು ಎಎಂಡಿ ಬೋರ್ಡು ಹಾಕಬಹುದು. 2024ರಲ್ಲಿ ಡೀಪ್‌ಕಂಪ್ಯೂಟಿಂಗ್ ಎಂಬ ಬೇರೊಂದು ಕಂಪನಿ ಅದೇ ಮೈಕಟ್ಟಿಗೆ, ಅದೇ ಸ್ಕ್ರೂಗಳಿಗೆ ಹೊಂದುವ ರಿಸ್ಕ್-ಫೈವ್ ಬೋರ್ಡನ್ನು ಪ್ರಕಟಿಸಿತು. ಪರದೆ, ಕೀಲಿಮಣೆ, ಬ್ಯಾಟರಿ ಹಳೆಯವೇ. ಮಿದುಳು ಮಾತ್ರ ಹೊಸದು. ಹೊರಗಿನವರು ಇದನ್ನು ಮಾಡಲು ಆದದ್ದು ಬೋರ್ಡಿನ ನಕ್ಷೆಯನ್ನು ಫ್ರೇಮ್‌ವರ್ಕ್ ಬಯಲಿಗಿಟ್ಟಿದ್ದರಿಂದ. ಅದೇ ಕಂಪನಿ 2025ರಲ್ಲಿ ತಂದ ಡೆಸ್ಕ್‌ಟಾಪಿನಲ್ಲಿ ರ‍್ಯಾಮ್ ಬೆಸುಗೆಯದ್ದು, ಆ ಎಎಂಡಿ ಚಿಪ್ಪಿನ ವೇಗಕ್ಕೆ ಬೇರೆ ದಾರಿಯಿಲ್ಲ ಎಂದು ಒಪ್ಪಿಕೊಂಡೇ ಮಾಡಿದರು. ಆದರೂ ಬೋರ್ಡಿನ ಅಳತೆ ಮಾತ್ರ 170 ಮಿ.ಮೀ. ಚೌಕವೇ! ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು ಎಂದು ತಿಳಿದವರ ಲೆಕ್ಕ ಅದು.

ರಿಸ್ಕ್-ಫೈವ್‌ಗೆ ಈ ಅಳತೆ ಒಗ್ಗುವುದಿಲ್ಲ ಎನ್ನುವ ಹಾಗೂ ಇಲ್ಲ. ಸೈಫೈವ್ ಕಂಪನಿಯ ‘ಅನ್‌ಮ್ಯಾಚ್ಡ್’ ಬೋರ್ಡು ಮಿನಿ-ಐಟಿಎಕ್ಸ್ ಆಗಿಯೇ ಬಂದಿತ್ತು. ಈ ಅಳತೆಗೆ ಬಂದರೆ ಕಿಯೊ ಪೆಟ್ಟಿಗೆ ತುಸು ದೊಡ್ಡದಾಗುತ್ತದೆ, ಬೆಲೆಯೂ ತುಸು ಏರುತ್ತದೆ, ಒಪ್ಪಿದೆ. ಎರಡನೇ ಸಲ ಕೊಳ್ಳುವಾಗ ಪೆಟ್ಟಿಗೆ, ಅಡಾಪ್ಟರ್, ಫ್ಯಾನಿಗೆ ದುಡ್ಡು ಕೊಡಬೇಕಿಲ್ಲವಲ್ಲ. ಆ ಎರಡನೇ ಸಲದ ಲೆಕ್ಕವನ್ನು ಬಜೆಟ್ ಭಾಷಣದಲ್ಲಿ ಕೇಳಿದ ನೆನಪು ನನಗಿಲ್ಲ.

ಅಂಗಡಿಯಲ್ಲಿ ನಾವು ನೀವು ಕೇಳಿದರೆ ಆಕಾರ ಬದಲಾಗುವುದಿಲ್ಲ, ಟೆಂಡರಿನಲ್ಲಿ ಸರ್ಕಾರ ಬರೆದರೆ ಆಗುತ್ತದೆ. ತಮಿಳುನಾಡು 2011ರಲ್ಲಿ ಉಚಿತ ಲ್ಯಾಪ್‌ಟಾಪ್ ಯೋಜನೆಯ ಮೊದಲ ವರ್ಷಕ್ಕೇ ಕೇಳಿದ್ದು 9.12 ಲಕ್ಷ. 2025ರ ಬಜೆಟ್ಟಿನಲ್ಲಿ ಘೋಷಿಸಿದ್ದು ಎರಡು ವರ್ಷದಲ್ಲಿ 20 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ. ಇಷ್ಟು ದೊಡ್ಡ ಗಿರಾಕಿ ‘ಬ್ಯಾಟರಿ ಈ ಆಕಾರದಲ್ಲೇ ಇರಲಿ, ಹತ್ತು ವರ್ಷ ಇದೇ ಇರಲಿ’ ಎಂದರೆ ಯಾವ ಕಂಪನಿ ಬೆನ್ನು ತೋರಿಸುತ್ತದೆ? ನಮ್ಮ ಟೆಂಡರುಗಳು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಎಂದು ಕೇಳುತ್ತವೆ. ತೂತು ಎಲ್ಲಿರಬೇಕು ಎಂದು ಕೇಳುವುದಿಲ್ಲ. ತಮಿಳುನಾಡಿನ ಎಲ್ಕಾಟ್ ಮತ್ತು ಕರ್ನಾಟಕದ ಕಿಯೋನಿಕ್ಸ್ ಕಾವೇರಿ ನೀರನ್ನು ಹಂಚಿಕೊಳ್ಳಬೇಕಿಲ್ಲ, ಒಂದು ಅಳತೆಪಟ್ಟಿಯನ್ನು ಹಂಚಿಕೊಂಡರೆ ಸಾಕು.

ಇನ್ನು ಆಪರೇಟಿಂಗ್ ಸಿಸ್ಟಂ. ಸ್ವದೇಶಿ ಎಂಬ ಪದ ಇಲ್ಲಿ ಬಲು ಬೇಗ ಬಾಯಿಗೆ ಬರುತ್ತದೆ. ಚೆನ್ನೈನ ಸಿ-ಡ್ಯಾಕ್ 2007ರಲ್ಲೇ ‘ಬಾಸ್’ ತಂದಿತು, ಅದರ ಬುಡ ಡೆಬಿಯನ್. ರಕ್ಷಣಾ ಇಲಾಖೆಯ ‘ಮಾಯಾ’ ಬಂದದ್ದು 2023ರಲ್ಲಿ, ಅದರ ಬುಡ ಉಬುಂಟು, ಅಂದರೆ ಮತ್ತೆ ಡೆಬಿಯನ್ನಿನ ಮೊಮ್ಮಗು. ಹೆಸರಿಡುವುದರಲ್ಲಿ ನಾವು ಗಟ್ಟಿಗರು. ಉಚಿತ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಜೊತೆಗೆ ಬಾಸ್ ಕೂಡ ಇತ್ತು. ನಮ್ಮ ಬೀದಿಯ ಹುಡುಗರು ಅದನ್ನು ತೆರೆದದ್ದನ್ನು ನಾನಂತೂ ಕಾಣಲಿಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನೇ ಆವೃತ್ತಿ ರಿಸ್ಕ್-ಫೈವ್ ಅನ್ನು ಮೊದಲ ಬಾರಿಗೆ ಅಧಿಕೃತ ಪಟ್ಟಿಗೆ ಸೇರಿಸಿದೆ. ಮನೆ ಕಟ್ಟಿ ನಿಂತಿರುವಾಗ ಮತ್ತೆ ಪಾಯ ತೋಡುವುದು ಯಾಕೆ? ಅದರ ಬದಲು ಗ್ರಾಫಿಕ್ಸ್‌, ವೈ-ಫೈ, 4ಜಿ ಮೋಡೆಮ್‌ಗಳ ಡ್ರೈವರ್‌ಗಳು ಲಿನಕ್ಸ್ ಕರ್ನೆಲ್ಲಿನ ಮೂಲ ಪ್ರತಿಯಲ್ಲೇ ಸೇರಿರಬೇಕು ಎಂದು ಟೆಂಡರಿನಲ್ಲಿ ಬರೆಯಲಿ. ಹಾಗೆ ಬರೆಯದಿದ್ದರೆ ಬೋರ್ಡು ಮಾಡಿದವರು ಕೈಬಿಟ್ಟ ದಿನ ಪೆಟ್ಟಿಗೆಯೂ ಅಲ್ಲೇ ನಿಲ್ಲುತ್ತದೆ, ಹೊಸ ಕರ್ನೆಲ್ ಹಾಕಿದರೆ ವೈ-ಫೈ ಇಲ್ಲ, ಹಳೆಯದರಲ್ಲೇ ಇದ್ದರೆ ಸುರಕ್ಷತೆ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗ ನಾವೆಲ್ಲ ಮೈಕ್ರೋಸಾಫ್ಟನ್ನು ಬೈದೆವು. ಅದು ಹತ್ತು ವರ್ಷ ನಡೆಸಿತು ಎನ್ನುವುದನ್ನು ಮರೆತೆವು. ಕಿಯೊಗೆ ಎಷ್ಟು ವರ್ಷ ಎಂದು ಹೊಗಳಿದವರೂ ಕೇಳಿಲ್ಲ, ತೆಗಳಿದವರೂ ಕೇಳಿಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ತೊಡಕಿದೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಲ್ಲೇ ಸಿಗುತ್ತದೆ, ಹಾಗಾಗಿ ಟೈಪಿಂಗ್ ಚಿಂತೆಯಿಲ್ಲ. ಚಿಂತೆ ಇರುವುದು ವಿಂಡೋಸ್‌ಗೆಂದೇ ಬರೆದ ‘ನುಡಿ’ ತಂತ್ರಾಂಶದಲ್ಲಿ, ಅದರ ಹಳೆಯ ಆಸ್ಕಿ ಫಾಂಟುಗಳಲ್ಲಿ ತಾಲ್ಲೂಕು ಕಚೇರಿಗಳೂ ಡಿಟಿಪಿ ಅಂಗಡಿಗಳೂ ವರ್ಷಾನುಗಟ್ಟಲೆ ಕೂಡಿಟ್ಟ ಕಡತಗಳದ್ದು. ಯೂನಿಕೋಡ್‌ಗೆ ಬದಲಾಯಿಸದೆ, ಆ ಫಾಂಟೂ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಹತ್ತು ವರ್ಷದ ಹಳೆಯ ನಡಾವಳಿಯನ್ನು ತೆರೆಯಲಾಗದ ಗುಮಾಸ್ತರು ಮರುದಿನವೇ ಹಳೆಯ ವಿಂಡೋಸ್ ಯಂತ್ರವನ್ನು ಮೇಜಿನ ಮೇಲೆ ಎತ್ತಿಡುತ್ತಾರೆ, ಕಿಯೊ ಬೀರುವಿನ ಮೇಲೆ ಹೋಗುತ್ತದೆ. ಕಿಯೊದಲ್ಲಿ ಪಠ್ಯಕ್ರಮ ಕಲಿಸಲು ‘ಬುದ್ಧ್’ ಎಂಬ ಕೃತಕ ಬುದ್ಧಿಮತ್ತೆಯನ್ನು ಕೂರಿಸಿದವರು ಒಂದು ಒಳ್ಳೆಯ ಫಾಂಟ್ ಪರಿವರ್ತಕವನ್ನೂ ಕೂರಿಸಲಿ, ಅದಕ್ಕೆ ಅಷ್ಟು ಬುದ್ಧಿಯೂ ಬೇಕಿಲ್ಲ.

ಸಮುದ್ರಕ್ಕೆ ಬೆನ್ನು ಹಾಕಿ ನಾನು ನಡೆದರೆ ರಾಜಾಜಿ ಭವನ, ಅಲ್ಲಿ ಸರ್ಕಾರಿ ನೆಟ್‌ವರ್ಕ್ ನಡೆಸುವ ಎನ್‌ಐಸಿಯ ತಮಿಳುನಾಡು ಕೇಂದ್ರ. ಇನ್ನೂ ಮುಂದೆ ಹೋದರೆ ‘ಶಕ್ತಿ’ ಎಂಬ ರಿಸ್ಕ್-ಫೈವ್ ಪ್ರೊಸೆಸರ್ ರೂಪಿಸಿದ ಐಐಟಿ ಮದ್ರಾಸ್. ಚಿಪ್ಪು ಮಾಡಬಲ್ಲವರು, ನೆಟ್‌ವರ್ಕ್ ನಡೆಸಬಲ್ಲವರು, ಬಾಸ್ ಕಟ್ಟಿದವರು ಎಲ್ಲರೂ ಈ ಒಂದೇ ಊರಿನಲ್ಲಿದ್ದಾರೆ. ಆದರೂ 170 ಎಂದು ಬರೆದ ಟೆಂಡರ್ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಮುಂದಿನ ವಾರ ನಮ್ಮ ಮೆಕ್ಯಾನಿಕ್ ಬರುತ್ತಾರೆ, ಯಂತ್ರ ಮತ್ತೆ ಕೂಗಲು ಶುರು ಮಾಡಿದೆ.