ಲಿಟ್ಮಸ್ಸಿಗಿಂತ ಮೊದಲು ಅರಿಶಿನ

ಆಮ್ಲವು ನೀಲಿ ಲಿಟ್ಮಸ್ಸನ್ನು ಕೆಂಪಾಗಿಸುತ್ತದೆ, ಪ್ರತ್ಯಾಮ್ಲವು ಕೆಂಪು ಲಿಟ್ಮಸ್ಸನ್ನು ನೀಲಿಯಾಗಿಸುತ್ತದೆ. ಶಾಲೆ ಬಿಟ್ಟು ಮೂವತ್ತು ವರ್ಷ ಕಳೆದವರೂ ಈ ವಾಕ್ಯಗಳನ್ನು ತಡವರಿಸದೆ ಒಪ್ಪಿಸಬಲ್ಲರು. ಆದರೆ ಬಚ್ಚಲು ತೊಳೆಯುವ ಆಸಿಡ್ ಕೈಮೇಲೆ ಸಿಡಿದರೆ ಏನು ಮಾಡುವಿರಿ ಎಂದು ಕೇಳಿ ನೋಡಿ. "ಸುಣ್ಣ ಹಚ್ಚಬೇಕು" ಎನ್ನುವ ವಿದ್ಯಾವಂತರು ನನಗೆ ಅನೇಕರು ಸಿಕ್ಕಿದ್ದಾರೆ.

ಅವರ ತರ್ಕದ ಮೂಲ ನಾವು ಕಲಿಸಿದ ಪಾಠವೇ. ಆಮ್ಲವೂ ಪ್ರತ್ಯಾಮ್ಲವೂ ಸೇರಿ ಲವಣ ಮತ್ತು ನೀರು ಆಗುತ್ತವೆ ಎಂದು ಕರಿಹಲಗೆಯ ಮೇಲೆ ಬರೆದು ಮುಗಿಸುತ್ತೇವೆ. ಆ ಸಮೀಕರಣದಲ್ಲಿ ಶಾಖಕ್ಕೆ ಜಾಗವಿರುವುದಿಲ್ಲ. ಪ್ರಬಲ ಆಮ್ಲ ಮತ್ತು ಪ್ರಬಲ ಪ್ರತ್ಯಾಮ್ಲ ಸೇರಿ ಒಂದು ಮೋಲ್ ನೀರು ಉಂಟಾದಾಗ ಸುಮಾರು 57 ಕಿಲೋಜೌಲ್ ಶಾಖ ಹೊರಬರುತ್ತದೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು 13 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಅದು ಸಾಕು. ಸುಟ್ಟ ಚರ್ಮದ ಮೇಲೆ ಸುಣ್ಣ ಹಚ್ಚುವುದೆಂದರೆ ಗಾಯವನ್ನು ಮತ್ತೊಮ್ಮೆ ಸುಡುವುದು. ಸರಿಯಾದ ಉಪಾಯ ಬಹು ಸರಳ: ಆಸಿಡ್ ತಗುಲಿದ ಬಟ್ಟೆಯನ್ನು ಕೂಡಲೇ ತೆಗೆದು, ನಲ್ಲಿಯ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷವಾದರೂ ತೊಳೆದು, ವೈದ್ಯರಲ್ಲಿಗೆ ಹೋಗುವುದು. ಆಸಿಡ್ಡಿನೊಡನೆ ಬ್ಲೀಚಿಂಗ್ ಪುಡಿ ಬೆರೆಸಿದರೆ ವಿಷಾನಿಲವಾದ ಕ್ಲೋರಿನ್ ಹೊಮ್ಮುತ್ತದೆಂಬುದನ್ನೂ ಇದೇ ಪಾಠದಲ್ಲಿ ಹೇಳಬೇಕು.

ಹಾಗಾದರೆ ಪಾಠ ಎಲ್ಲಿಂದ ಆರಂಭವಾಗಬೇಕು? ಅಡುಗೆಮನೆಯಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಳಿ ಅಂಗಿಯ ಮೇಲಿನ ಸಾರಿನ ಕಲೆ ಸೋಪು ತಾಗಿದೊಡನೆ ಕೆಂಪಾಗುವುದನ್ನು ಕಾಣದ ಮಗುವಿಲ್ಲ. ಆರತಿಯ ಓಕುಳಿ ನೀರು ಅರಿಶಿನಕ್ಕೆ ಸುಣ್ಣ ಸೇರಿಸಿದ್ದರಿಂದಲೇ ಕೆಂಪು. ಅದಕ್ಕೆ ನಿಂಬೆರಸವನ್ನು ಹನಿಹನಿಯಾಗಿ ಬಿಡುತ್ತ ಹೋದರೆ ಒಂದು ಹಂತದಲ್ಲಿ ಮತ್ತೆ ಹಳದಿ ಮರಳುತ್ತದೆ. ತಟಸ್ಥೀಕರಣವೆಂಬ ಕಠಿಣ ಪದ ಆಮೇಲೆ ಬರಲಿ. ಕಣ್ಣು ಮೊದಲು ಅದನ್ನು ನೋಡಿರಲಿ. ಕೆಂಪು ದಾಸವಾಳದ ರಸ ಆಮ್ಲದಲ್ಲಿ ಕೆಂಪಾಗಿಯೂ ಪ್ರತ್ಯಾಮ್ಲದಲ್ಲಿ ಹಸಿರಾಗಿಯೂ ತೋರುತ್ತದೆ. ಕಿಲುಬು ಹಿಡಿದ ತಾಮ್ರದ ಚೊಂಬು ಹುಣಿಸೆಹಣ್ಣಿಗೆ ಹೊಳೆಯುವುದು ಅದರಲ್ಲಿರುವ ಟಾರ್ಟಾರಿಕ್ ಆಮ್ಲದಿಂದ. ಇವಕ್ಕೆ ಪ್ರಯೋಗಾಲಯ ಬೇಡ, ಅನುದಾನವೂ ಬೇಡ.

"ಆಮ್ಲ ಹುಳಿ, ಪ್ರತ್ಯಾಮ್ಲ ಕಹಿ" ಎಂಬ ವಾಕ್ಯವನ್ನು ಹೇಳುವಾಗ ಮಾತ್ರ ಎಚ್ಚರ ಬೇಕು. ಸೀಸೆಯಲ್ಲಿರುವುದನ್ನು ನಾಲಿಗೆಯಿಂದ ಪರೀಕ್ಷಿಸಬಾರದೆಂದು ಅದೇ ಉಸಿರಿನಲ್ಲಿ ಹೇಳದಿದ್ದರೆ ಪಾಠ ಅಪೂರ್ಣ.

ನಮ್ಮ ಭಾಷೆಯಲ್ಲಿಯೂ ಒಂದು ಪಾಠ ಅಡಗಿದೆ. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇದೆಯೆಂದು ಫ್ರಾನ್ಸಿನ ಲವಾಸಿಯೆ ನಂಬಿದ್ದ. ಅವನು ಕೊಟ್ಟ ಆ ಹೆಸರಿನ ಅರ್ಥವೇ ಕನ್ನಡದಲ್ಲಿ ಆಮ್ಲಜನಕವಾಯಿತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲವೆಂದು 1810ರ ಸುಮಾರಿಗೆ ಹಂಫ್ರಿ ಡೇವಿ ತೋರಿಸಿದ. ನೀರಿನಲ್ಲಿ ಹೈಡ್ರೋಜನ್ ಅಯಾನುಗಳನ್ನು ಕೊಡುವುದೇ ಆಮ್ಲದ ಲಕ್ಷಣವೆಂಬ ಅರೇನಿಯಸ್ಸನ ವಿವರಣೆ ಬಂದುದು ಇನ್ನೂ ತಡವಾಗಿ. ಆಮ್ಲಕ್ಕೆ ನಿಜವಾದ ಜನಕ ಜಲಜನಕವೇ ಎಂದಾಯಿತು! ಹೆಸರು ಉಳಿಯಿತು, ನಂಬಿಕೆ ತಿದ್ದಲ್ಪಟ್ಟಿತು. ವಿಜ್ಞಾನ ನಡೆಯುವ ಬಗೆಯನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಪಠ್ಯ ಮುಗಿಸಲೇ ಸಮಯ ಸಾಲದು, ಪ್ರಯೋಗಕ್ಕೆಲ್ಲಿ ಬಿಡುವು ಎಂಬ ಆಕ್ಷೇಪ ನನಗೂ ತಿಳಿದದ್ದೇ. ಓಕುಳಿಗೆ ನಿಂಬೆ ಹಿಂಡಲು ಹತ್ತು ನಿಮಿಷ ಸಾಕು; ಬಾಯಿಪಾಠ ಮಾಡಿಸಲು ವಾರ ಬೇಕು.

ನನ್ನಲ್ಲಿ ಕಲಿತವರಲ್ಲಿ ಅನೇಕರು ಇಂದು ತಂದೆತಾಯಿಯರು, ಕೆಲವರು ಶಿಕ್ಷಕರು. ಈ ಭಾನುವಾರ ಮಕ್ಕಳೊಡನೆ ಒಂದು ಬಟ್ಟಲು ಓಕುಳಿ ಕಲಸಿ. ಹಾಗೆಯೇ ಮನೆಯ ಆಸಿಡ್ ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿದ್ದರೆ, ಅದನ್ನು ಇಂದೇ ಅಲ್ಲಿಂದ ತೆಗೆಸಿ.