ಬೊಂಬೆ ಸಾಕು, ಸೆನ್ಸರ್ ಮುದ್ರಿಸಿ!

ತ್ರೀಡಿ ಪ್ರಿಂಟರಿನಲ್ಲಿ ಬೊಂಬೆ, ಕೀಚೈನ್ ಮುದ್ರಿಸಿ ಬೀಗುವುದು ತಂತ್ರಜ್ಞಾನವೇ? 2012ರಲ್ಲೇ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಸೈಮನ್ ಲೀ ತಂಡ ಪ್ಲಾಸ್ಟಿಕ್ಕಿಗೆ ಇಂಗಾಲದ ಪುಡಿ ಬೆರೆಸಿ ವಿದ್ಯುತ್ ಹರಿಸಿತು. ಅಗ್ಗದ ಪ್ರಿಂಟರಿನಲ್ಲೇ ಬೆರಳಿನ ಬಾಗು ಅರಿಯುವ ಸೆನ್ಸರ್, ನೀರು ಎಷ್ಟಿದೆಯೆಂದು ಹೇಳುವ ಲೋಟ ಮುದ್ರಿಸಿತು. ಗುಟ್ಟು ಬಚ್ಚಿಡಲಿಲ್ಲ; ಎಲ್ಲರೂ ಉಚಿತವಾಗಿ ಓದುವಂತೆ ಪ್ರಕಟಿಸಿತು. ನಮ್ಮಲ್ಲಿ ಓದಿದವರೆಷ್ಟು ಮಂದಿ?

ಮುದ್ರಿಸಿದರೆ ಮುಗಿಯಲಿಲ್ಲ. ಈ ಪ್ಲಾಸ್ಟಿಕ್ಕಿನ ವಿದ್ಯುತ್ ರೋಧ ತಾಮ್ರಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚು. ಪದರಗಳಿಗೆ ಅಡ್ಡಲಾಗಿ ಇನ್ನೂ ಹೆಚ್ಚು. ಮೋಟಾರ್ ಓಡಿಸಲು ಇದು ದಂಡ. ಆದರೆ ಬಾಗಿಸಿದರೆ ರೋಧ ಬದಲಾಗುತ್ತದೆ, ಸೆನ್ಸರಿಗೆ ಅದೇ ಬಂಡವಾಳ! ಮಲ್ಟಿಮೀಟರ್ ಹಿಡಿಯಿರಿ. 100 ಸಲ ಬಾಗಿಸಿ, 100 ಸಲ ಅಳೆಯಿರಿ, ಬರೆದಿಡಿ. ಪರೀಕ್ಷೆಗೆ ನಿಲ್ಲದ ಸರ್ಕ್ಯೂಟ್ ಕೂಡ ಬರೀ ಬೊಂಬೆಯೇ!

ಕೊಳ್ಳುವವರಾಗಿ ಬಾಳಿದ್ದು ಸಾಕು. ಮಾಡುವವರಾಗಿ!